ಎದೆಯೊಳಗೊಂದು ಟಂಟಂ

ಕಲಬುರಗಿಯ ಅಪ್ಪನ ಕೆರೆಯ ದಂಡೆಯ ಮೇಲೆ ಬೆಳಗಿನ ಆರು ಗಂಟೆಗೆ ಅರವತ್ತು ದಾಟಿದ ಗಂಡಸೊಬ್ಬ ಗಟ್ಟಿಯಾಗಿ ಹಾಡುತ್ತ, ಹತ್ತು ಹೆಜ್ಜೆಗೊಮ್ಮೆ ಹಾಡು ನಿಲ್ಲಿಸಿ ಏನನ್ನೋ ಲೆಕ್ಕ ಹಾಕುತ್ತ, ಮತ್ತೆ ಅದೇ ಸಾಲು ಎತ್ತಿಕೊಂಡು ಹೊರಟರೆ ನೋಡಿದವರು ಏನಂದುಕೊಂಡಾರು ಎಂಬುದು ನನಗೆ ಹೊಳೆದಿರಲಿಲ್ಲ. ಧೋತರ ಉಟ್ಟು ಬಿಳಿ ಟೊಪ್ಪಿಗೆ ಹಾಕಿದ ಮುತ್ಯಾ ಒಬ್ಬರು ಕೋಲೂರಿ ದಾರಿಗೆ ಅಡ್ಡ ನಿಂತರು.

"ಸಾಹೇಬ್ರ, ಮನ್ಯಾಗ ಎಲ್ಲಾರೂ ಆರಾಮದಾರಿಲ್ಲ? ಮಕ್ಕಳು ಬೇಸ್ ನೋಡ್ಕೋತಾರಿಲ್ಲ?"

"ಆರಾಮದಾರ್ರಿ. ಡಾಕ್ಟರ್ ಹೇಳ್ಯಾರ್ರಿ, ಅದಕ್ಕ."

"ಹಾಡು ಅಂತ ಹೇಳ್ಯಾರ?"

"ಇಲ್ರಿ, ಹಾಡ್ಲಿಕ್ಕೆ ಬರಬಾರದು ಅಂತ ಹೇಳ್ಯಾರ."

ಮುತ್ಯಾ ಒಂದು ಹೆಜ್ಜೆ ಹಿಂದೆ ಸರಿದು ಹಾದಿ ಬಿಟ್ಟುಕೊಟ್ಟರು.

ವಿಷಯ ಇಷ್ಟೇ. ನಡೆಯುವಾಗ ಪಕ್ಕದವರ ಸಂಗಡ ಮಾತಾಡಲು ಬರಬೇಕು, ಆದರೆ ಹಾಡಲು ದಮ್ಮು ಸಾಲಬಾರದು. ಅದೇ ನಿಮ್ಮ ವೇಗ ಎಂದು ಡಾಕ್ಟರು ಹೇಳಿದ್ದರು. ಹಾಡಲು ಬಂತೋ, ಕಾಲೆಳೆಯುತ್ತಿದ್ದೀರಿ ಎಂದರ್ಥ. ಮಾತೇ ಹೊರಡಲಿಲ್ಲವೋ, ಅತಿಯಾಯಿತು, ಇಳಿಸಿ. ಹಾಡಲು ಬರುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಹಾಡಿಯೇ ನೋಡಬೇಕಲ್ಲ! ಹಾಗೆ ನೋಡಿದರೆ ಕಲಬುರಗಿಯವನಿಗೆ ಮಾತಾಡುತ್ತ ನಡೆ ಎಂದು ಬರೆದುಕೊಟ್ಟದ್ದು ನಾನು ಕಂಡ ಅತಿ ಸುಲಭದ ಔಷಧ. ಇಲ್ಲಿ ಸುಮ್ಮನೆ ನಡೆದರೇ ಜನ ನಿಲ್ಲಿಸಿ, ಮನೆಯಲ್ಲಿ ಜಗಳವೇನು ಎಂದು ಕೇಳುತ್ತಾರೆ.

ನನ್ನ ಎದೆಯ ಕಥೆ ಶುರುವಾಗಿ ಎರಡು ವರ್ಷ. ಒಂದು ರಾತ್ರಿ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಉಂಡು ಎಡಮಗ್ಗುಲಾಗಿ ಮಲಗಿದ್ದೆ. ದಿಂಬಿನೊಳಗಿಂದ ಏನೋ ಸದ್ದು. ಕಿವಿಯಿಟ್ಟು ಕೇಳಿದರೆ ನನ್ನದೇ ಎದೆ. ಅದರ ನಡಿಗೆಯನ್ನು ಹೇಗೆ ಹೇಳಲಿ? ಸೂಪರ್ ಮಾರ್ಕೆಟ್ಟಿನಿಂದ ಹೊರಟ ಟಂಟಂ ಆಟೋ ನೆನೆಸಿಕೊಳ್ಳಿ. ನಾಲ್ಕು ಮಾರು ಸರಿಯಾಗಿ ಹೋಗುತ್ತದೆ. ಕೈ ಎತ್ತಿದವರು ಕಂಡರೆ ಗಕ್ಕನೆ ನಿಲ್ಲುತ್ತದೆ. ಹತ್ತಿದವರು ಕೂಡುವ ಮೊದಲೇ ಜಿಗಿಯುತ್ತದೆ. ಗುಂಡಿ ಬಂದಾಗ ಎರಡು ಕುಲುಕು ಒಟ್ಟಿಗೇ ಕೊಡುತ್ತದೆ. ಅಂಥದೊಂದು ಗಾಡಿ ನನ್ನ ಪಕ್ಕೆಲುಬಿನೊಳಗೆ ಪ್ಯಾಸೆಂಜರ್ ಹುಡುಕುತ್ತ ತಿರುಗುತ್ತಿತ್ತು.

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ಎಣಿಸುವುದು ನನ್ನ ರಕ್ತದಲ್ಲಿದೆ. ಎದ್ದು ಕೂತು, ಗಡಿಯಾರ ನೋಡುತ್ತ ನಾಡಿ ಎಣಿಸಿದೆ: 94. ಮತ್ತೆ ಎಣಿಸಿದೆ: 118. ಮೂರನೆಯ ಸಲ: 87. ಬ್ಯಾಂಕಿನಲ್ಲಿ ಲೆಕ್ಕ ಕೂಡಿಬರದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಆ ಅಭ್ಯಾಸದಿಂದ ರಾತ್ರಿ ಎರಡರವರೆಗೆ ಎಣಿಸಿದೆ. ಕೊನೆಗೆ ಎಚ್ಚರವಾದ ಹೆಂಡತಿ, "ಏನು ಎಣಸ್ಲಾಕತ್ತೀರಿ ಕತ್ತಲ್ದಾಗ? ಯಾರಿಗೆ ಕೊಡೋದದ?" ಎಂದಳು.

ಮರುದಿನ ಇಸಿಜಿ ಪಟ್ಟಿ ನೋಡಿದ ಡಾಕ್ಟರು ಏಟ್ರಿಯಲ್ ಫಿಬ್ರಿಲೇಶನ್ ಎಂದರು. ಹೆಸರು ಕೇಳಿದರೇ ನಾಡಿ ಇನ್ನೆರಡು ಕುಲುಕು ಹಾಕುವಂತಿದೆ. ಒಳಗಿನ ಕಥೆ ಮಾತ್ರ ನಮ್ಮ ಗಲ್ಲಿಯ ಭಜನೆಯಷ್ಟೇ ಸರಳ. ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ ಒಂದು ಚಿಕ್ಕ ಗಂಟು ಇದೆ. ತಾಳ ಹಿಡಿಯುವುದು ಅದರ ಕೆಲಸ. ಉಳಿದವರು ಹಿಂದಿನಿಂದ ದನಿಗೂಡಿಸಬೇಕು. ನನಗಾದ ಕಾಯಿಲೆಯಲ್ಲಿ ಹಿಮ್ಮೇಳದವರೆಲ್ಲ ತಾವೇ ಮುಂದಾಳು ಎಂದು ಹೊರಡುತ್ತಾರೆ. ಮೇಲಿನ ಕೋಣೆಗಳು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಥರಗುಟ್ಟುತ್ತವೆ. ನಡುವೆ ಬಾಗಿಲು ಕಾಯುವ ಇನ್ನೊಂದು ಗಂಟು ಇರುವುದರಿಂದ ಬಚಾವು. ಅದು ತನ್ನ ಮನಸ್ಸಿಗೆ ಬಂದಷ್ಟನ್ನು ಮಾತ್ರ ಕೆಳಗೆ ಬಿಡುತ್ತದೆ. ಬಿಡುವುದರಲ್ಲಿ ಹದವಿಲ್ಲ. ಅದೇ ನನ್ನ 94, 118, 87.

ಆ ತಾಳ ಹಿಡಿಯುವ ಗಂಟು ಸಿಕ್ಕ ಬಗೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನ ಒಂದು ಹಳ್ಳಿಮನೆಯಲ್ಲಿ ಆರ್ಥರ್ ಕೀತ್ ಎಂಬ ವೈದ್ಯರು ಹೆಂಡತಿಯೊಡನೆ ಸೈಕಲ್ ಮೇಲೆ ಸುತ್ತಾಡಿ ಬಂದರಂತೆ. ಬರುವಷ್ಟರಲ್ಲಿ ಮನೆಯಲ್ಲಿ ಕೂತಿದ್ದ ಅವರ ಶಿಷ್ಯ ಮಾರ್ಟಿನ್ ಫ್ಲ್ಯಾಕ್, ನೆಲದಡಿ ಬಿಲ ತೋಡುವ ಮೋಲ್ ಎಂಬ ಇಲಿಯಂಥ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿಟ್ಟುಕೊಂಡು ಅದನ್ನು ಕಂಡುಬಿಟ್ಟಿದ್ದ. 1907ರಲ್ಲಿ ಇಬ್ಬರೂ ಸೇರಿ ಲೋಕಕ್ಕೆ ಸಾರಿದರು. ಸೈಕಲ್ ತುಳಿದವರೊಬ್ಬರು, ಕೂತು ಕಂಡವರೊಬ್ಬರು, ಹೆಸರು ಇಬ್ಬರಿಗೂ. ಆಗಿನ ನನ್ನ ಸ್ಥಿತಿಗೆ ಈ ಕಥೆಯಿಂದ ತೆಗೆದುಕೊಂಡ ಪಾಠವೆಂದರೆ ಕೂತರೂ ನಡೆಯುತ್ತದೆ ಎಂಬುದು.

ಕೂತೇಬಿಟ್ಟೆ. ಮೂರು ತಿಂಗಳು ಕೂತೆ.

ಹೆದರಿಕೆ ನನ್ನೊಬ್ಬನದೇ ಆಗಿರಲಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ವ್ಯಾಯಾಮದ ಬೆನ್ನಿಗೇ ಎದೆ ನಿಂತು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಓಣಿಯಲ್ಲಿ ಒಲೆ ಹೊತ್ತಿಸದ ಮನೆಗಳಿದ್ದವು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಸಾಲುಗಟ್ಟಿ ನಿಂತ ಜನರನ್ನು ಟಿವಿಯಲ್ಲಿ ನೋಡಿದ್ದೆವು. ಅಂದಿನಿಂದ ಎಷ್ಟೋ ಮನೆಗಳಲ್ಲಿ ವ್ಯಾಯಾಮ ಎಂಬ ಮಾತಿಗೇ ಕೆಟ್ಟ ಹೆಸರು ಬಂತು. ನನಗೆ ಹೀಗಾದ ಮೇಲಂತೂ ನನ್ನ ಹೆಂಡತಿ ತುಂಬಿದ ಕೊಡ ಎತ್ತಲು ಬಿಡಲಿಲ್ಲ, ಮಾಳಿಗೆ ಹತ್ತಲು ಬಿಡಲಿಲ್ಲ, ಗೋಡೆಯ ಗಡಿಯಾರಕ್ಕೆ ಸೆಲ್ ಹಾಕಲು ಸಹ ಬಿಡಲಿಲ್ಲ. ನನ್ನ ನಾಡಿಯ ಜೊತೆ ಗಡಿಯಾರವೂ ಕೆಲವು ದಿನ ತಪ್ಪು ಹೇಳಿತು.

ನೋಡಲು ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಕಮಲಾಪುರದ ನಮ್ಮ ಬೀಗರು ಕೆಂಬಾಳೆಯ ಒಂದು ಗೊನೆಯನ್ನೇ ಹೊತ್ತು ತಂದರು. ಕಮಲಾಪುರದ ಕೆಂಬಾಳೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿರುವುದು ನಿಮಗೆ ಗೊತ್ತಿರಬಹುದು. ಬೇರೆ ಬಾಳೆ ವರ್ಷದಲ್ಲಿ ಕೈಗೆ ಬಂದರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಆದ್ದರಿಂದ ಬೆಲೆಯೂ ಹಾಗೆಯೇ, ತಿನ್ನುವವರ ಗತ್ತೂ ಹಾಗೆಯೇ. ಹೃದಯದ ವಿದ್ಯುತ್ತು ನಡೆಯುವುದೇ ಪೊಟ್ಯಾಷಿಯಂ, ಸೋಡಿಯಂ ಜೀವಕೋಶಗಳ ಒಳಗೆ ಹೊರಗೆ ಓಡಾಡುವುದರಿಂದ. ಬಾಳೆಯಲ್ಲಿ ಪೊಟ್ಯಾಷಿಯಂ ಇದೆ ಎಂದು ಮಗ ಫೋನಿನಲ್ಲಿ ಹೇಳಿದ. ನಾನು ಅದನ್ನು ಔಷಧವೆಂದೇ ತಿಳಿದು ದಿನಕ್ಕೆ ಆರು ಗುಳುಂ ಮಾಡಿದೆ. ಬೀಗರ ಪ್ರೀತಿ, ಕೂತ ಕುರ್ಚಿ, ಮಿಸುಕದ ಕಾಲು. ಮೂರು ತಿಂಗಳಿಗೆ ಏಳು ಕಿಲೋ ಏರಿದೆ. ಬಚ್ಚಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು. ಅದನ್ನೂ ಹೃದಯದ ಖಾತೆಗೇ ಜಮಾ ಮಾಡಿದೆ.

ಮುಂದಿನ ಸಲ ತೂಕದ ಯಂತ್ರದ ಮೇಲೆ ನಿಂತಾಗ ಡಾಕ್ಟರು ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಯಾರು ಹೇಳ್ಯಾರ್ರಿ ನಿಮಗ ಕೂಡ್ರಿ ಅಂತ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಿದ್ದಳು.

ಎಲ್ಲರಿಗೂ ಒಂದೇ ಮಾತು ಸಲ್ಲುವುದಿಲ್ಲ, ಕೆಲವು ಬಗೆಯ ತಾಳ ತಪ್ಪಿದವರು ದಣಿಯಲೇಬಾರದು. ಅದಕ್ಕೇ ಮೊದಲು ಎಕೋ ಮಾಡಿಸಿ, ಓಡುಪಟ್ಟಿಯ ಮೇಲೆ ನಡೆಸಿ ನೋಡಿದ್ದೇನೆ, ನಿಮಗೆ ನಡೆಯುವುದೇ ಬೇಕು ಎಂದರು. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ನನ್ನಂಥದೇ ಕಾಯಿಲೆಯ ದಡೂತಿಗಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಬರೆದಿದ್ದಾರಂತೆ: ವ್ಯಾಯಾಮದಿಂದ ದಮ್ಮು ಹೆಚ್ಚಿಸಿಕೊಂಡವರಿಗೆ, ಅದರ ಜೊತೆ ತೂಕವನ್ನೂ ಇಳಿಸಿದವರಿಗೆ, ತಾಳ ತಪ್ಪುವುದು ಎಷ್ಟೋ ಕಡಿಮೆಯಾಯಿತು. ಹಾಗಾದರೆ ಓಡಿಬಿಡಲೇ ಎಂದೆ. ಅದಕ್ಕೂ ಅವರ ಬಳಿ ಉತ್ತರವಿತ್ತು. ಸ್ವೀಡನ್ನಿನಲ್ಲಿ ವಾಸಲೋಪೆಟ್ ಎಂದು ಹಿಮದ ಮೇಲೆ 90 ಕಿಲೋಮೀಟರ್ ಜಾರುವ ಪಂದ್ಯವಿದೆ. ಅದರಲ್ಲಿ ಪಾಲ್ಗೊಂಡ 52,755 ಜನರ ಲೆಕ್ಕ ತೆಗೆದರೆ, ಒಂದು ಸಲ ಜಾರಿದವರಿಗಿಂತ ಐದಾರು ಸಲ ಜಾರಿದವರಲ್ಲಿ ಎದೆಯ ತಾಳ ತಪ್ಪುವುದು ಹೆಚ್ಚು. ಕಲಬುರಗಿಯಲ್ಲಿ ಹಿಮದ ಮೇಲೆ ಜಾರುವ ಗಂಡಾಂತರ ಇಲ್ಲ ಎಂದು ನನಗೆ ಸಮಾಧಾನವಾಯಿತು. ವಾರಕ್ಕೆ 150 ನಿಮಿಷ, ಮೊದಲ ಐದು ನಿಮಿಷ ಹಗುರಾಗಿ, ಕೊನೆಯ ಐದು ನಿಮಿಷ ಇನ್ನೂ ಹಗುರಾಗಿ, ಎದೆ ನೊಂದರೆ ಅಥವಾ ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಬರುವುದು. ಇಷ್ಟು ಅಪ್ಪಣೆ.

ಅದಕ್ಕೂ ಮೊದಲು 24 ಗಂಟೆ ಹೋಲ್ಟರ್ ಕಟ್ಟಿದರು. ಎದೆಗೆ ಅಂಟುಬಿಲ್ಲೆ, ಅದರಿಂದ ವೈರು, ವೈರಿನ ತುದಿಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಇದನ್ನು ಮಾಡಿದ ಅಮೆರಿಕದ ನಾರ್ಮನ್ ಹೋಲ್ಟರ್ ಮೊದಲು ಬೆನ್ನಿಗೆ ಕಟ್ಟಿದ ಯಂತ್ರ 38 ಕಿಲೋ ತೂಗುತ್ತಿತ್ತಂತೆ. ಅದನ್ನು ಹೊತ್ತು ನಡೆದರೆ ಯಾರ ಎದೆಯಾದರೂ ತಾಳ ತಪ್ಪಬೇಕು. ಡಬ್ಬಿಯ ಜೊತೆಗೆ ಒಂದು ಹಾಳೆ ಕೊಟ್ಟು, ಎಷ್ಟು ಗಂಟೆಗೆ ಏನು ಮಾಡಿದಿರಿ ಎಂದು ಬರೆಯಿರಿ ಎಂದರು. ಕೊರಳಲ್ಲಿ ಚಿತ್ರಗುಪ್ತನನ್ನು ಕಟ್ಟಿಕೊಂಡು, ಕೈಯಲ್ಲಿ ಅವನ ಕಡತವನ್ನೂ ನಾವೇ ತುಂಬುವ ಕೆಲಸ.

ಕ್ಯಾಷಿಯರ್ ಬರವಣಿಗೆ, ಅಚ್ಚುಕಟ್ಟಾಗಿ ಬರೆದೆ. 5.30 ಎದ್ದದ್ದು. 6.00 ಛಾ. ಸಂಜೆ 7ರಿಂದ 7.30 ವಿಶ್ರಾಂತಿ. ಮರುದಿನ ಡಾಕ್ಟರು ಕಾಗದ ಹರವಿಕೊಂಡು, "7.10ಕ್ಕ ಏನಾಯ್ತ್ರಿ? ಇಲ್ಲಿ 152ಕ್ಕ ಹೋಗ್ಯಾದಲ್ಲ" ಎಂದರು. ನಾನು ಹಾಳೆ ತೋರಿಸಿದೆ. "ವಿಶ್ರಾಂತಿ ಅಂತ ಬರದೀರಿ. ಇದೆಂಥಾ ವಿಶ್ರಾಂತಿ?" ಹೆಂಡತಿಯೂ ಕುತೂಹಲದಿಂದ ಮುಂದೆ ಬಾಗಿದಳು. ಹೇಳಲೇಬೇಕಾಯಿತು. ವಿಶ್ರಾಂತಿ ಎಂದು ಹೊರಗಿನ ಕಟ್ಟೆಗೆ ಹೋದವನು ಮೆಲ್ಲಗೆ ಮೂಲೆಯ ಬಂಡಿಯವರೆಗೆ ಸರಿದು ನಾಲ್ಕು ಮಿರ್ಚಿ ಭಜಿ ಕಟ್ಟಿಸಿಕೊಂಡಿದ್ದೆ. ಆ ಪೊಟ್ಟಣದ ವಾಸನೆಗೆ ಗಲ್ಲಿಯ ಎರಡು ನಾಯಿಗಳು ಬೆನ್ನು ಹತ್ತಿದ್ದವು. ಪೊಟ್ಟಣ ಬಿಡಲು ನನಗೆ ಮನಸ್ಸಿರಲಿಲ್ಲ, ನನ್ನನ್ನು ಬಿಡಲು ಅವಕ್ಕೆ ಮನಸ್ಸಿರಲಿಲ್ಲ. ಡಾಕ್ಟರು ನಕ್ಕು, "ಓಡಲಿಕ್ಕೆ ಬರ್ತದಂತಾಯ್ತು" ಎಂದು ಬರೆದುಕೊಂಡರು. ಹೆಂಡತಿ ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಹಿಂದೆ ನಮ್ಮ ಕಡೆ ಎದೆಯಲ್ಲಿ ಚಳಕು ಎಂದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದ್. ನಮ್ಮಪ್ಪ ಹಾಗೆಯೇ ಮೂರು ಸಲ ರೈಲಿನಲ್ಲಿ ಹೋಗಿ ಬಂದರು. ಕಾಯಿಲೆಗಿಂತ ರೈಲಿಗೇ ಹೆಚ್ಚು ಹೆದರುತ್ತಿದ್ದರು. ಈಗ ಜಯದೇವ ಸಂಸ್ಥೆ ಊರಿಗೇ ಬಂದಿದೆ. 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಸ್ವಂತ ಕಟ್ಟಡ ಉದ್ಘಾಟನೆಯಾಯಿತು. ಅದನ್ನು ನೋಡಲು ಹೋದವರಲ್ಲಿ ನಮ್ಮ ಎದುರು ಮನೆಯ ಅಕ್ಕೋರೂ ಒಬ್ಬರು. ಕಾಯಿಲೆ ತೋರಿಸಲು ಅಲ್ಲ, ಕಟ್ಟಡ ನೋಡಲು.

ಅಕ್ಕೋರು ಪ್ರೈಮರಿ ಶಾಲೆಯಿಂದ ನಿವೃತ್ತರು, ವಯಸ್ಸು ಎಪ್ಪತ್ತೊಂದು. ನನ್ನದು ಕುಲುಕುವ ಟಂಟಂ ಆದರೆ ಅವರದು ನಿಂತು ನಿಂತು ಹೋಗುವ ಎತ್ತಿನ ಗಾಡಿಯಾಗಿತ್ತು. ನಿಮಿಷಕ್ಕೆ 38ಕ್ಕೆ ಇಳಿದು ದೇವರ ಮನೆಯಲ್ಲಿ ಬಿದ್ದ ಮೇಲೆ ಪೇಸ್‌ಮೇಕರ್ ಹಾಕಿದರು. ಆರು ವಾರ ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು, ರೊಟ್ಟಿ ಬಡಿಯಬಾರದು ಎಂದು ಕಟ್ಟು. ಮೊದಲ ಎರಡಕ್ಕೆ ಅವರು ಜಗ್ಗಲಿಲ್ಲ. ಮೂರನೆಯದಕ್ಕೆ ಕಣ್ಣೀರು ಹಾಕಿದರು. ಸೊಸೆಯ ರೊಟ್ಟಿ ಅಂಚು ಒಡೆಯುತ್ತದೆ ಎಂಬುದು ಅವರ ಹಳೆಯ ಆಪಾದನೆ.

ಆರು ವಾರ ಮುಗಿದ ದಿನ ನಾನು ಅಲ್ಲೇ ಇದ್ದೆ. ಅಕ್ಕೋರು ಕಟ್ಟಿಗೆಯ ಕೊಣಮಿಗೆಯ ಮುಂದೆ ಕೂತು, ಜೋಳದ ಹಿಟ್ಟಿಗೆ ಕುದಿನೀರು ಸುರಿದು ನಾದಿದರು. ಉಂಡೆ ತಟ್ಟಿ, ಒಣಹಿಟ್ಟು ಉದುರಿಸಿ ಬಡಿಯತೊಡಗಿದರು. ಮೊದಲ ನಾಲ್ಕು ಏಟು ಅಂಜುತ್ತ ಅಂಜುತ್ತ. ಆಮೇಲೆ ಬಲಗೈ ಬಡಿಯುವುದು, ಎಡಗೈ ಅಂಚು ತಿರುಗಿಸುವುದು, ಟಪ್ ಟಪ್ ಟಪ್ ಟಪ್. ಒಂದಕ್ಕೊಂದಕ್ಕೆ ಕೂದಲೆಳೆಯ ಅಂತರವೂ ತಪ್ಪಲಿಲ್ಲ. ರೊಟ್ಟಿ ಚಂದ್ರನಂತೆ ಹರಡಿತು. ನಾನು ಗುಟ್ಟಾಗಿ ಗಡಿಯಾರ ನೋಡಿ ಎಣಿಸಿದೆ; ಎರಡು ಸಲ ಎಣಿಸಿದರೂ ಲೆಕ್ಕ ಕೂಡಿತು. ಸಂಜೆಯ ಹೊತ್ತು ಖೂಬಾ ಪ್ಲಾಟಿನ ಅಡುಗೆಮನೆಗಳಿಂದ ಬರುವ ಆ ಸದ್ದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಅಷ್ಟು ಹೊಟ್ಟೆಕಿಚ್ಚಿನಿಂದ ಎಂದೂ ಕೇಳಿರಲಿಲ್ಲ.

ಜಗತ್ತಿನಲ್ಲಿ ಮೊದಲು ಪೇಸ್‌ಮೇಕರನ್ನು ಮೈಯೊಳಗೆ ಹಾಕಿಸಿಕೊಂಡವರು ಸ್ವೀಡನ್ನಿನ ಆರ್ನೆ ಲಾರ್ಸನ್, 1958ರ ಅಕ್ಟೋಬರಿನಲ್ಲಿ. ಅದನ್ನು ಎರಕ ಹೊಯ್ದದ್ದು ಬೂಟ್ ಪಾಲಿಶ್ ಡಬ್ಬಿಯಲ್ಲಿ ಎಂದು ಅಕ್ಕೋರಿಗೆ ಹೇಳಿ ಸ್ವಲ್ಪ ಹೆದರಿಸಲು ನೋಡಿದೆ. ಅವರು ಹೆದರಲಿಲ್ಲ. "ಆಮ್ಯಾಲೆ ಎಷ್ಟು ವರ್ಷ ಇದ್ದ?" ಎಂದರು. ಮೊದಲನೆಯದು ಕೆಲವೇ ಗಂಟೆ ನಡೆಯಿತು, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಬದಲಾಯಿಸಿ 2001ರವರೆಗೆ, 86 ವರ್ಷ ಬದುಕಿದ ಎಂದೆ. "ಮತ್ತ! ನಡೀರಿ, ನಾಳಿಗೆ ಐದೂವರಿಗೆ ಗೇಟಿನ ಬಲ್ಲಿ ನಿಂದರ್ರಿ" ಎಂದರು. ಹೀಗೆ ನನ್ನ ನಡಿಗೆಗೆ ಒಬ್ಬ ಹೆಡ್‌ಮಾಸ್ತರ್ ಸಿಕ್ಕಂತಾಯಿತು.

ಐದೂವರೆ ಯಾಕೆಂದರೆ ನಮ್ಮ ಊರಿನ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರವೇ ಸೋತು ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಬೆವರಿನ ಜೊತೆ ಉಪ್ಪು, ಪೊಟ್ಯಾಷಿಯಂ ಹರಿದುಹೋದರೆ ನನ್ನ ಟಂಟಂ ಮತ್ತೆ ಗುಂಡಿ ಹುಡುಕುತ್ತದೆ. ನೀರಿನ ಬಾಟಲಿ ಅಕ್ಕೋರ ಚೀಲದಲ್ಲಿರುತ್ತದೆ. ಕೇಳಿದಾಗ ಕೊಡುವುದಿಲ್ಲ, ಅವರಿಗೆ ಬೇಕೆನಿಸಿದಾಗ ನಾನೂ ಕುಡಿಯಬೇಕು.

ಮಗ ಪುಣೆಯಿಂದ ಕೈಗಡಿಯಾರ ಕಳಿಸಿದ್ದ, ನಾಡಿ ಹೇಳುವಂಥದು. 220ರಲ್ಲಿ ವಯಸ್ಸು ಕಳೆದು, ಉಳಿದದ್ದರಲ್ಲಿ ಇಷ್ಟು ಪಾಲು ಮುಟ್ಟಬೇಕು ಎಂದು ಅದರ ಹಟ. ನಾಡಿ ಇಳಿಸುವ ಗುಳಿಗೆ ನುಂಗುವವನಿಗೆ ಆ ಲೆಕ್ಕ ಸುಳ್ಳು. ಡಾಕ್ಟರು ಬೇಡವೆಂದರು, ಮೊಮ್ಮಗನಿಗೆ ಕೊಟ್ಟೆ. ಗುಳಿಗೆಯ ಮಾತು ಬಂತಲ್ಲ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ವಿಷಯ ಹೇಳಲೇಬೇಕು. ಥರಗುಟ್ಟುವ ಕೋಣೆಯಲ್ಲಿ ರಕ್ತ ನಿಂತು ಗಂಟಾಗಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ, ಅದಕ್ಕಾಗಿ ಇದು. ಇದನ್ನು 1948ರಲ್ಲಿ ಮಾರುಕಟ್ಟೆಗೆ ತಂದದ್ದು ಇಲಿ ಪಾಷಾಣವೆಂದು, ಮನುಷ್ಯರಿಗೆ ಕೊಡತೊಡಗಿದ್ದು 1954ರಲ್ಲಿ. ಇದನ್ನು ಓದಿ ನಾನು ಕಂಗಾಲಾಗಿದ್ದರೆ ಹೆಂಡತಿ, "ಇಲಿಗೆ ಕೊಟ್ರ ಸಾಯ್ತಾವ, ನಿಮಗ ಕೊಟ್ರ ಬದುಕ್ತೀರಿ. ಸುಮ್ಮ ನುಂಗ್ರಿ" ಎಂದಳು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಗುಳಿಗೆಗೆ ಎದುರಾಳಿ ಎಂದು ಕೇಳಿ ಪುಂಡಿ ಪಲ್ಯ ಬಿಟ್ಟಿದ್ದೆ. ಅದೂ ತಪ್ಪಂತೆ. ಬಿಡಬೇಡಿ, ವಾರಕ್ಕೆ ಇಷ್ಟು ಎಂದು ಒಂದೇ ಅಳತೆಯಲ್ಲಿ ತಿನ್ನಿ, ಒಂದು ದಿನ ಉಪವಾಸ ಒಂದು ದಿನ ಜಾತ್ರೆ ಮಾಡಬೇಡಿ ಎಂದರು. ಪುಂಡಿ ಪಲ್ಯಕ್ಕೆ ಅಳತೆ ಇಡುವುದು ನನ್ನ ಜೀವಮಾನದ ಕಠಿಣ ವ್ಯಾಯಾಮ.

ನಡಿಗೆಯಲ್ಲಿ ನನಗೊಂದು ಗುಟ್ಟಿನ ಉಪಾಯವಿತ್ತು. ಅಕ್ಕೋರು ಕೆರೆಯ ದಂಡೆ ಹತ್ತಿದ ಮೇಲೆ ಹಿಂದೆ ನೋಡುವವರಲ್ಲ. ಮೊಮ್ಮಕ್ಕಳ ಅಭ್ಯಾಸ, ಸೊಸೆಯ ರೊಟ್ಟಿ, ಪಬ್ಲಿಕ್ ಗಾರ್ಡನ್ನಿನ ಹಳೆಯ ವೈಭವ, ಒಂದೇ ಸಮನೆ ಹೇಳುತ್ತ ಹೋಗುತ್ತಾರೆ. ನನಗೆ ಉತ್ತರ ಕೊಡಲು ಉಸಿರು ಸಾಲದು. ಅಂದರೆ ಡಾಕ್ಟರ ಲೆಕ್ಕದಲ್ಲಿ ನಾನು ನಿಧಾನಿಸಬೇಕು. ಎಪ್ಪತ್ತೊಂದರ ಹೆಣ್ಣುಮಗಳಿಗೆ ನಿಧಾನ ಎಂದು ಹೇಳುವುದು ಹೇಗೆ? ಆಗ ಬಗ್ಗಿ ಬೂಟಿನ ಲಾಡಿ ಕಟ್ಟುತ್ತಿದ್ದೆ. ಬಿಚ್ಚಿರದಿದ್ದರೆ ನಾನೇ ಬಿಚ್ಚಿ ಕಟ್ಟುತ್ತಿದ್ದೆ. ಒಂದು ಸುತ್ತಿಗೆ ಮೂರು ಸಲವಾದರೂ ಲಾಡಿ ಕಟ್ಟಿ, ಎದೆ ತಹಬಂದಿಗೆ ಬಂದ ಮೇಲೆ ಏಳುತ್ತಿದ್ದೆ. ಆ ದಿನ ಒಬ್ಬನೇ ಹಾಡುತ್ತ ಹೋದದ್ದು ಅಕ್ಕೋರು ಕಮಲಾಪುರಕ್ಕೆ ಮದುವೆಗೆ ಹೋಗಿದ್ದರು ಎಂಬ ಕಾರಣಕ್ಕೆ. ಅವರಿದ್ದರೆ ಹಾಡುವ ದಮ್ಮು ಎಲ್ಲಿ ಬರಬೇಕು?

ಹಾದಿ ಬಿಟ್ಟುಕೊಟ್ಟ ಮುತ್ಯಾ ಅಲ್ಲಿಗೇ ಬಿಡಲಿಲ್ಲ. ಅವರು ನಮ್ಮ ಗಲ್ಲಿಯ ಕಿರಾಣಿ ಅಂಗಡಿಯವರ ಸೋದರಮಾವನಂತೆ. ಸುದ್ದಿ ಅಂಗಡಿಗೆ ಬಂತು, ಅಂಗಡಿಯಿಂದ ಬೇಳೆಯ ಜೊತೆ ನಮ್ಮ ಮನೆಗೆ ಬಂತು. ಹಾಡಿನ ಬಗ್ಗೆ ಹೆಂಡತಿ ಏನೂ ಅನ್ನಲಿಲ್ಲ, ಅದು ಅವಳಿಗೆ ಹಳೆಯದು. "ಆ ಮುತ್ಯಾ ದಿನಾ ನೋಡ್ತಾರಂತ, ನಿಮ್ಮ ಬೂಟಿನ ಲಾಡಿ ಒಂದ್ ಸವನ ಬಿಚ್ಚತದಂತ. ರಕ್ತ ತೆಳ್ಳಗ ಮಾಡೋ ಗುಳಿಗಿ ತೊಗೋಳ್ಳೋರು, ಎಡವಿ ಬಿದ್ರ ಏನ್ ಗತಿ?" ಎಂದಳು. ಯುಗಾದಿಗೆ ನನಗೆ ಲಾಡಿಯಿಲ್ಲದ ಬೂಟು ಬಂದವು. ಕಾಲು ತೂರಿಸಿದರೆ ಸಾಕು, ಹಿಡಿದುಕೊಂಡುಬಿಡುತ್ತವೆ. ಬಗ್ಗಲು ಒಂದೂ ನೆಪವಿಲ್ಲ.

ಈಗ ಕೆರೆಯ ಎರಡನೆಯ ತಿರುವಿನಲ್ಲಿ ನಾನು ಹಕ್ಕಿ ನೋಡುತ್ತೇನೆ. ಮೊನ್ನೆ ನೀರಿನ ಕಡೆ ಬೆರಳು ಮಾಡಿ, "ಅಕ್ಕೋರೆ, ಅದ್ಯಾವ ಹಕ್ಕಿ ನೋಡ್ರಿ" ಎಂದೆ. ಅವರು ತಿರುಗಿ ಬಂದು, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಅದು ಪ್ಲಾಸ್ಟಿಕ್ ಚೀಲರಿ, ಕ್ಯಾಷಿಯರ್ ಸಾಹೇಬ್ರ. ಸಾಕಾಗಿದ್ರ ಹೇಳ್ರಿ, ಕೂಡೂಣು."

ಕೂತೆವು. ಅವರು ಸೊಸೆಯ ರೊಟ್ಟಿಯ ವಿಷಯ ಎತ್ತಿಕೊಂಡರು.